‘ಹೌದು’, ‘ಇಲ್ಲ’ ಮತ್ತು ‘ತಿಳಿಯದು’
(ಗಣಕಯಂತ್ರದ ‘ಆರ್’ ಭಾಷೆಯಲ್ಲಿ ಷರತ್ತು ವಾಕ್ಯಗಳು: ಆರೋಗ್ಯ ಶಿಬಿರದ ಒಂದು ಪಾಠ)

ಬ್ಯಾಂಕಿನ ಕೌಂಟರಿಗೆ ಚೆಕ್ಕೊಂದು ಬಂದಿತೆಂದರೆ ಅದನ್ನು ಪಾಸು ಮಾಡುವ ಅಧಿಕಾರಿಯ ಮನಸ್ಸಿನಲ್ಲಿ ಕೆಲವು ಪ್ರಶ್ನೆಗಳು ಸಾಲಾಗಿ ಏಳುತ್ತವೆ. ಚೆಕ್ಕಿನ ಮೇಲಿನ ದಿನಾಂಕದಿಂದ ಮೂರು ತಿಂಗಳು ಕಳೆದಿದೆಯೇ? ಸಹಿಯು ನಮ್ಮಲ್ಲಿರುವ ಮಾದರಿಗೆ ಹೊಂದುತ್ತದೆಯೇ? ಅಂಕಿಗಳಲ್ಲಿ ಬರೆದ ಮೊತ್ತವೂ ಅಕ್ಷರಗಳಲ್ಲಿ ಬರೆದ ಮೊತ್ತವೂ ಒಂದೇ ಆಗಿವೆಯೇ? ಖಾತೆಯಲ್ಲಿ ಸಾಕಷ್ಟು ಹಣವಿದೆಯೇ? ಒಂದೊಂದು ಪ್ರಶ್ನೆಗೂ ‘ಹೌದು’ ಅಥವಾ ‘ಇಲ್ಲ’ ಎಂಬ ಉತ್ತರ. ಆ ಉತ್ತರಕ್ಕೆ ತಕ್ಕಂತೆ ಮುಂದಿನ ಹೆಜ್ಜೆ. ಗಣಕಯಂತ್ರಕ್ಕೆ ನಾವು ಬರೆದುಕೊಡುವ ಷರತ್ತು ವಾಕ್ಯವೂ ಇದಕ್ಕಿಂತ ಬೇರೆಯದಲ್ಲ. “ಹೀಗಿದ್ದರೆ ಇದನ್ನು ಮಾಡು, ಇಲ್ಲದಿದ್ದರೆ ಅದನ್ನು ಮಾಡು” ಎಂಬುದೇ ಅದರ ತಿರುಳು.

ವಾಣಿಜ್ಯ ಪದವೀಧರನಾದ ನಾನು ಆರೋಗ್ಯ ವಿಭಾಗಕ್ಕೆ ಲೇಖನ ಬರೆಯುವುದು ಅಧಿಕಪ್ರಸಂಗವೆಂದು ಕೆಲವರಿಗಾದರೂ ತೋರಬಹುದು. ಆದರೆ ಹೋದ ವರ್ಷ ನಮ್ಮ ಸಂಘವು ನಡೆಸಿದ ಆರೋಗ್ಯ ತಪಾಸಣಾ ಶಿಬಿರದ ಲೆಕ್ಕಪತ್ರಗಳ ಹೊಣೆ ನನ್ನದಾಗಿತ್ತು. ಆ ಹೊಣೆಯಲ್ಲಿ ನನ್ನಿಂದ ಒಂದು ತಪ್ಪು ನಡೆಯಿತು. ಅದು ನಡೆದದ್ದು ಒಂದು ಷರತ್ತು ವಾಕ್ಯದಲ್ಲಿ. ಆ ವಾಕ್ಯವನ್ನು ಸರಿಯಾಗಿ ಬರೆಯುವ ಕ್ರಮವನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಶಿಬಿರದಲ್ಲಿ ನೂರಕ್ಕೂ ಮೇಲ್ಪಟ್ಟು ಜನರು ಹೆಸರು ನೋಂದಾಯಿಸಿದ್ದರು. ಅವರ ರಕ್ತದ ಸಕ್ಕರೆಯ ಅಂಕಿಗಳನ್ನು ಕೈಯಿಂದ ವಿಂಗಡಿಸುವ ಬದಲು ಗಣಕಯಂತ್ರದಿಂದಲೇ ವಿಂಗಡಿಸೋಣವೆಂದು, ಪದವಿ ತರಗತಿಯಲ್ಲಿ ಸಂಖ್ಯಾಶಾಸ್ತ್ರ ಓದುತ್ತಿರುವ ನನ್ನ ಮಗಳು ‘ಆರ್’ ಎಂಬ ಭಾಷೆಯನ್ನು ನನಗೆ ಪರಿಚಯ ಮಾಡಿಸಿದಳು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1976ರಲ್ಲಿ ಆರಂಭವಾದ ‘ಎಸ್’ ಎಂಬ ಭಾಷೆಯ ಜಾಡಿನಲ್ಲಿ, ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಎಂಬ ಇಬ್ಬರು ವಿದ್ವಾಂಸರು 1990ರ ದಶಕದ ಆರಂಭದಲ್ಲಿ ಇದನ್ನು ರೂಪಿಸಿದರು. ಇಬ್ಬರ ಮೊದಲ ಹೆಸರುಗಳೂ ಇಂಗ್ಲಿಷಿನ ‘ಆರ್’ ಅಕ್ಷರದಿಂದ ಆರಂಭವಾಗುವುದರಿಂದ ಭಾಷೆಗೂ ಆ ಹೆಸರು. 1995ರಿಂದ ಇದು ಯಾರು ಬೇಕಾದರೂ ಬಳಸಬಹುದಾದ ಮುಕ್ತ ತಂತ್ರಾಂಶ. 2000ದ ಫೆಬ್ರವರಿ 29ರಂದು ಇದರ 1.0.0 ಆವೃತ್ತಿ ಹೊರಬಂದಿತು. ಕಾಸಿಲ್ಲದೆ ದೊರೆಯುವುದರಿಂದ ನಮ್ಮಂಥ ಸಂಘಗಳಿಗೆ ಅನುಕೂಲ.

ಒಂದು ಸೂಚನೆ. ಮುಂದೆ ಕೊಟ್ಟಿರುವ ಆದೇಶಗಳನ್ನು ಓದಿನ ಅನುಕೂಲಕ್ಕಾಗಿ ಕನ್ನಡ ಲಿಪಿಯಲ್ಲಿ ಅಚ್ಚು ಮಾಡಿದೆ. ಯಂತ್ರದಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬೆರಳಚ್ಚಿಸಬೇಕು. ‘ಎನ್‌ಎ’ ಎಂಬುದನ್ನು ಎರಡೂ ದೊಡ್ಡಕ್ಷರಗಳಲ್ಲಿ, ‘ಇಫ್’, ‘ಎಲ್ಸ್’ ಮುಂತಾದ ಪದಗಳನ್ನು ಸಣ್ಣಕ್ಷರಗಳಲ್ಲಿ ಬರೆಯಬೇಕು. ಆರ್ ಭಾಷೆಗೆ ದೊಡ್ಡಕ್ಷರ ಬೇರೆ, ಸಣ್ಣಕ್ಷರ ಬೇರೆ. ಉದ್ಧರಣ ಚಿಹ್ನೆಗಳೊಳಗಿನ ಮಾತು ಮಾತ್ರ ಕನ್ನಡದಲ್ಲಿಯೇ ಇರಬಹುದು.

1. ಗೆರೆ ಎಳೆಯುವುದು ವೈದ್ಯರು

ಷರತ್ತು ಬರೆಯುವುದಕ್ಕೆ ಮೊದಲು ಗಡಿ ಯಾವುದೆಂದು ತಿಳಿದಿರಬೇಕು. ಕನಿಷ್ಠ 8 ಗಂಟೆಗಳ ಕಾಲ ನೀರನ್ನುಳಿದು ಏನನ್ನೂ ಸೇವಿಸದೆ ಮಾಡಿಸಿದ ಪರೀಕ್ಷೆಯಲ್ಲಿ, 100 ಮಿಲಿಲೀಟರ್ ಪ್ಲಾಸ್ಮಾದಲ್ಲಿ 126 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸಕ್ಕರೆಯಿದ್ದರೆ ಅದು ಮಧುಮೇಹದ ಸೂಚನೆ. 100ರಿಂದ 125ರವರೆಗೆ ಇದ್ದರೆ ಎಚ್ಚರಿಕೆಯ ಹಂತ. 100ಕ್ಕಿಂತ ಕಡಿಮೆ ಸಹಜ. ಇದು ಅಮೆರಿಕನ್ ಡಯಾಬಿಟೀಸ್ ಅಸೋಸಿಯೇಶನ್ ಅನುಸರಿಸುವ ಕ್ರಮ. ವಿಶ್ವ ಆರೋಗ್ಯ ಸಂಸ್ಥೆಯು ಎಚ್ಚರಿಕೆಯ ಹಂತವನ್ನು 110ರಿಂದ ಎಣಿಸುತ್ತದೆ. ನಮ್ಮ ಶಿಬಿರದ ವೈದ್ಯರು ಮೊದಲನೆಯ ಕ್ರಮವನ್ನು ಆರಿಸಿಕೊಂಡಿದ್ದರು.

ಗಡಿಗಳೂ ಶಾಶ್ವತವಲ್ಲ. 1997ಕ್ಕೆ ಮೊದಲು ಮಧುಮೇಹದ ಗಡಿ 140 ಆಗಿತ್ತು. ಆ ವರ್ಷ ಅದನ್ನು 126ಕ್ಕೆ ಇಳಿಸಲಾಯಿತು. ಚೆಕ್ಕಿನ ಅವಧಿಯೂ ಹೀಗೆಯೇ ಮೊದಲು ಆರು ತಿಂಗಳಿದ್ದುದು 2012ರ ಏಪ್ರಿಲ್ 1ರಿಂದ ಮೂರು ತಿಂಗಳಾಯಿತಲ್ಲವೇ? ಆದುದರಿಂದ ಗಡಿಯ ಅಂಕಿಯನ್ನು ಹತ್ತು ಕಡೆ ಬರೆಯದೆ, ಮೊದಲಲ್ಲಿ ಒಮ್ಮೆ ಒಂದು ಹೆಸರಿನಡಿ ಇಟ್ಟುಕೊಳ್ಳುವುದು ಒಳ್ಳೆಯ ಪದ್ಧತಿ. ನಾಳೆ ಗಡಿ ಬದಲಾದರೆ ಒಂದೇ ಸಾಲು ತಿದ್ದಿದರೆ ಸಾಕು.

ಗಡಿ <- 126

ಎಡಮುಖದ ಬಾಣವು “ಬಲಗಡೆಯ ಬೆಲೆಯನ್ನು ಎಡಗಡೆಯ ಹೆಸರಿಗೆ ಜಮಾ ಮಾಡು” ಎಂದು ಹೇಳುತ್ತದೆ.

2. ಸರಳ ಷರತ್ತು

ಸಕ್ಕರೆ <- 118
ಇಫ್ (ಸಕ್ಕರೆ >= ಗಡಿ) {
  ಪ್ರಿಂಟ್("ವೈದ್ಯರನ್ನು ಕಾಣಬೇಕು")
} ಎಲ್ಸ್ {
  ಪ್ರಿಂಟ್("ಗಡಿಯ ಕೆಳಗಿದೆ")
}

ದುಂಡು ಆವರಣದೊಳಗೆ ಇರುವುದು ಪ್ರಶ್ನೆ. ಅದಕ್ಕೆ ಯಂತ್ರವು ‘ನಿಜ’ ಅಥವಾ ‘ಸುಳ್ಳು’ ಎಂಬ ಉತ್ತರವನ್ನು ಕಂಡುಕೊಳ್ಳುತ್ತದೆ. ನಿಜವಾದರೆ ಮೊದಲನೆಯ ಪುಷ್ಪಾವರಣದೊಳಗಿನ ಕೆಲಸ, ಸುಳ್ಳಾದರೆ ‘ಎಲ್ಸ್’ ನಂತರದ ಕೆಲಸ. ಇಲ್ಲಿ 118 ಎಂಬುದು 126ಕ್ಕಿಂತ ಕಡಿಮೆಯಾದುದರಿಂದ ಎರಡನೆಯ ಮಾತು ಅಚ್ಚಾಗುತ್ತದೆ.

ಮೂರು ಸೂಕ್ಷ್ಮಗಳನ್ನು ಗಮನಿಸಬೇಕು. ಮೊದಲನೆಯದು, >= ಎಂದರೆ ‘ಅಷ್ಟೇ ಅಥವಾ ಹೆಚ್ಚು’; > ಎಂದರೆ ಬರಿಯ ‘ಹೆಚ್ಚು’. ಸರಿಯಾಗಿ 126 ಬಂದವರ ಭವಿಷ್ಯವು ಆ ಒಂದು ಸಣ್ಣ ಗೆರೆಯನ್ನು ಅವಲಂಬಿಸಿದೆ. ಎರಡನೆಯದು, ಎರಡು ಬೆಲೆಗಳು ಸಮವೇ ಎಂದು ಕೇಳಲು == ಎಂದು ಎರಡು ಗೆರೆಜೋಡಿಗಳನ್ನು ಬರೆಯಬೇಕು; ಒಂದೇ = ಹಾಕಿದರೆ ಇಫ್ ವಾಕ್ಯವನ್ನು ಯಂತ್ರವು ಒಪ್ಪುವುದಿಲ್ಲ. ಮೂರನೆಯದು, ‘ಎಲ್ಸ್’ ಪದವನ್ನು ಮುಚ್ಚುವ ಪುಷ್ಪಾವರಣದ ಸಾಲಿನಲ್ಲೇ ಬರೆಯಬೇಕು. ಕೆಳಗಿನ ಸಾಲಿಗೆ ಇಳಿಸಿದರೆ, ವಾಕ್ಯವು ಅಲ್ಲಿಗೇ ಮುಗಿಯಿತೆಂದು ಯಂತ್ರವು ಭಾವಿಸಿ, ಒಂಟಿಯಾಗಿ ಬಂದ ‘ಎಲ್ಸ್’ ಅನ್ನು ತಪ್ಪೆಂದು ತಿರಸ್ಕರಿಸುತ್ತದೆ.

3. ಷರತ್ತುಗಳ ಸರಣಿ: ತೀವ್ರವಾದುದು ಮೊದಲು

ನಮಗೆ ಬೇಕಾದದ್ದು ಎರಡು ಗುಂಪುಗಳಲ್ಲ, ಮೂರು. ಆಗ ‘ಎಲ್ಸ್’ ಜೊತೆಗೆ ಇನ್ನೊಂದು ‘ಇಫ್’ ಸೇರಿಸಬೇಕು.

ಇಫ್ (ಸಕ್ಕರೆ >= 126) {
  ಫಲ <- "ವೈದ್ಯರು"
} ಎಲ್ಸ್ ಇಫ್ (ಸಕ್ಕರೆ >= 100) {
  ಫಲ <- "ಎಚ್ಚರ"
} ಎಲ್ಸ್ {
  ಫಲ <- "ಸಹಜ"
}

ಯಂತ್ರವು ಮೇಲಿನಿಂದ ಕೆಳಕ್ಕೆ ಓದುತ್ತದೆ. ಎಲ್ಲಿ ಮೊದಲು ‘ನಿಜ’ ಎಂದು ಕಾಣುತ್ತದೆಯೋ ಅಲ್ಲಿಗೆ ನಿಲ್ಲುತ್ತದೆ. ಕೆಳಗಿನ ಷರತ್ತುಗಳ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಈಗ 100ರ ಷರತ್ತನ್ನು ಮೇಲಕ್ಕೂ 126ರ ಷರತ್ತನ್ನು ಕೆಳಕ್ಕೂ ಬರೆದೆವೆಂದು ಭಾವಿಸೋಣ. 260 ಬಂದ ವ್ಯಕ್ತಿಯ ಸರದಿ ಬಂದಾಗ, 260 ನೂರಕ್ಕಿಂತ ಹೆಚ್ಚೇ? ಹೌದು. ಫಲ: “ಎಚ್ಚರ”. ಅಲ್ಲಿಗೆ ಮುಗಿಯಿತು. ಆ ದಿನವೇ ವೈದ್ಯರ ಬಳಿಗೆ ಹೋಗಬೇಕಾದವರಿಗೆ “ಸಿಹಿ ಸ್ವಲ್ಪ ಕಡಿಮೆ ಮಾಡಿ” ಎಂಬ ಚೀಟಿ ದೊರೆಯುತ್ತದೆ. ಯಂತ್ರವು ಯಾವ ದೋಷವನ್ನೂ ತೋರಿಸುವುದಿಲ್ಲ. ಏಕೆಂದರೆ ಭಾಷೆಯ ದೃಷ್ಟಿಯಿಂದ ವಾಕ್ಯ ಸರಿಯಾಗಿಯೇ ಇದೆ. ಆದ್ದರಿಂದ ಇಂಥ ಸರಣಿಯಲ್ಲಿ ತೀವ್ರವಾದ ಷರತ್ತು ಯಾವಾಗಲೂ ಮೊದಲು ಬರಬೇಕು.

4. ಇಡೀ ಪಟ್ಟಿಗೆ ಒಂದೇ ಆದೇಶ

‘ಇಫ್’ ಎಂಬುದು ಒಂದು ಸಲಕ್ಕೆ ಒಬ್ಬರನ್ನೇ ವಿಚಾರಿಸುವ ಕೌಂಟರು. ನಮ್ಮ ಮುಂದೆ ಇರುವುದಾದರೋ ಉದ್ದನೆಯ ಸಾಲು. ಐದು ಜನರ ಒಂದು ಪುಟ್ಟ ಉದಾಹರಣೆಯನ್ನು ತೆಗೆದುಕೊಳ್ಳೋಣ. ಇದರಲ್ಲಿ ನಾಲ್ಕನೆಯವರ ಪರೀಕ್ಷೆ ಆಗಿಲ್ಲ.

ಸಕ್ಕರೆ <- ಸಿ(92, 118, 260, ಎನ್‌ಎ, 131)

‘ಸಿ’ ಎಂಬುದು ಬೆಲೆಗಳನ್ನು ಒಂದೇ ದಾರಕ್ಕೆ ಪೋಣಿಸುತ್ತದೆ. ‘ಎನ್‌ಎ’ ಎಂದರೆ ‘ಬೆಲೆ ಲಭ್ಯವಿಲ್ಲ’ ಎಂದರ್ಥ. ಈ ಸಾಲನ್ನು ಇಡಿಯಾಗಿ ‘ಇಫ್’ ಒಳಗೆ ಹಾಕಿದರೆ ಏನಾಗುತ್ತದೆ? ಹಿಂದಿನ ಆವೃತ್ತಿಗಳಲ್ಲಿ ಯಂತ್ರವು ಒಂದು ಎಚ್ಚರಿಕೆಯ ಮಾತನ್ನು ಗೊಣಗಿ, ಮೊದಲನೆಯವರ ಉತ್ತರವನ್ನೇ ಹಿಡಿದು ಮುಂದೆ ಸಾಗುತ್ತಿತ್ತು; ಅಂದರೆ 92 ಬಂದವರೊಬ್ಬರ ಆರೋಗ್ಯವನ್ನು ನೋಡಿ ಐವರಿಗೂ ತೀರ್ಪು ಕೊಟ್ಟಂತೆ. 2022ರ ಏಪ್ರಿಲ್‌ನಲ್ಲಿ ಬಂದ 4.2.0 ಆವೃತ್ತಿಯಿಂದ ಇದನ್ನು ದೋಷವೆಂದೇ ಪರಿಗಣಿಸಿ ಯಂತ್ರವು ಕೆಲಸ ನಿಲ್ಲಿಸುತ್ತದೆ. ಹಳೆಯ ಆವೃತ್ತಿಯನ್ನು ಇನ್ನೂ ಬಳಸುತ್ತಿರುವವರು ಇದನ್ನು ನೆನಪಿನಲ್ಲಿಡಬೇಕು.

ಸಾಲಿನ ಪ್ರತಿಯೊಬ್ಬರನ್ನೂ ವಿಚಾರಿಸಲು ಬೇರೊಂದು ಆದೇಶವಿದೆ. ಅದು ಎರಡೂ ಪದಗಳನ್ನು ಕೂಡಿಸಿ ಬರೆದ ‘ಇಫ್‌ಎಲ್ಸ್’. ಅದಕ್ಕೆ ಮೂರು ಭಾಗಗಳು: ಪ್ರಶ್ನೆ, ನಿಜವಾದರೆ ಉತ್ತರ, ಸುಳ್ಳಾದರೆ ಉತ್ತರ. ಮೂರನೆಯ ಭಾಗದಲ್ಲಿ ಮತ್ತೊಂದು ಇಫ್‌ಎಲ್ಸ್ ಕೂರಿಸಬಹುದು.

ಫಲ <- ಇಫ್‌ಎಲ್ಸ್(ಸಕ್ಕರೆ >= 126, "ವೈದ್ಯರು",
    ಇಫ್‌ಎಲ್ಸ್(ಸಕ್ಕರೆ >= 100, "ಎಚ್ಚರ", "ಸಹಜ"))

ದೊರೆಯುವ ಫಲ ಕ್ರಮವಾಗಿ: ಸಹಜ, ಎಚ್ಚರ, ವೈದ್ಯರು, ಎನ್‌ಎ, ವೈದ್ಯರು.

ಹೋದ ವರ್ಷ ನಾನು ಬರೆದದ್ದು ಇದೇ ವಾಕ್ಯ. ಷರತ್ತುಗಳ ಕ್ರಮ ಸರಿಯಾಗಿತ್ತು, ಗಡಿಗಳು ಸರಿಯಾಗಿದ್ದವು, ಯಂತ್ರವು ಯಾವ ಆಕ್ಷೇಪವನ್ನೂ ಎತ್ತಲಿಲ್ಲ. ಬಳಿಕ ‘ಸಬ್‌ಸೆಟ್’ ಎಂಬ ಆದೇಶದಿಂದ “ವೈದ್ಯರು” ಮತ್ತು “ಎಚ್ಚರ” ಎಂಬ ಎರಡು ಪಟ್ಟಿಗಳನ್ನು ತೆಗೆದು ಸಂಘದ ಸೂಚನಾ ಫಲಕದಲ್ಲಿ ಕೇವಲ ನೋಂದಣಿ ಸಂಖ್ಯೆಗಳನ್ನು ಅಂಟಿಸಿದೆ. ಕೆಳಗೆ ನನ್ನದೇ ಕೈಬರಹದಲ್ಲಿ ಒಂದು ಸಾಲು ಸೇರಿಸಿದೆ: “ಈ ಪಟ್ಟಿಗಳಲ್ಲಿ ಇಲ್ಲದವರು ನಿಶ್ಚಿಂತರಾಗಿರಬಹುದು.”

5. ಖಾಲಿ ಉಳಿದ ಮನೆ

ಮೂರು ತಿಂಗಳ ನಂತರ, ಒಂದು ಭಾನುವಾರದ ಕಾರ್ಯಕ್ರಮದಲ್ಲಿ ಹುಬ್ಬಳ್ಳಿಯ ಕಡೆಯ ಹಿರಿಯ ತಾಯಿಯೊಬ್ಬರು ಕಾಲಿಗೆ ಪಟ್ಟಿ ಕಟ್ಟಿಕೊಂಡು ಬಂದಿದ್ದರು. ಮಗನ ಮನೆಯಲ್ಲಿರಲು ಈ ಮಹಾನಗರಕ್ಕೆ ಬಂದವರು. ಚಪ್ಪಲಿ ಕಚ್ಚಿದ ಗಾಯ ವಾರಗಟ್ಟಲೆ ಮಾಯದೆ ವೈದ್ಯರ ಬಳಿಗೆ ಹೋದಾಗ, ಸಕ್ಕರೆಯ ಅಂಶ ಬಹಳ ಹೆಚ್ಚಾಗಿರುವುದು ತಿಳಿದುಬಂದಿತ್ತು. ನಾನು ಗಾಬರಿಯಿಂದ, “ಅಮ್ಮಾ, ಶಿಬಿರಕ್ಕೆ ತಾವೂ ಬಂದಿದ್ದಿರಲ್ಲವೇ?” ಎಂದು ಕೇಳಿದೆ.

“ಬಂದಿದ್ದೆ ತಮ್ಮಾ. ಮುಂಜಾನೆ ಚಹಾ ಕುಡದು ಬಂದೀರಿ, ಇವತ್ತ ರಕ್ತ ತಗೊಳ್ಳಾಕ ಬರಂಗಿಲ್ಲ ಅಂದ್ರು. ಆಮ್ಯಾಲೆ ಬೋರ್ಡ್ ನೋಡಿದ್ರ ನನ್ನ ನಂಬರ ಇರಲಿಲ್ಲ. ನನಗ ಏನೂ ಇಲ್ಲ ಅಂತ ತಿಳಕೊಂಡೆ” ಎಂದರು.

ಅವರ ಮಾತಿನಲ್ಲಿ ದೂರು ಇರಲಿಲ್ಲ. ಆದರೆ ಆ ರಾತ್ರಿ ನಾನು ದಾಖಲೆಯನ್ನು ತೆರೆದು ನೋಡಿದೆ. ಅವರ ಹೆಸರಿನ ಮುಂದೆ ಸಕ್ಕರೆಯ ಮನೆ ಖಾಲಿಯಿತ್ತು. ಅಂಥ ಖಾಲಿ ಮನೆಗಳು ಇನ್ನೂ ಕೆಲವಿದ್ದವು. ಅವರೆಲ್ಲರಿಗೂ ನಾನು “ನಿಶ್ಚಿಂತರಾಗಿರಿ” ಎಂದು ಬರೆದುಕೊಟ್ಟಿದ್ದೆ.

ಯಂತ್ರದಲ್ಲಿ ನಡೆದದ್ದೇನು? ‘ಲಭ್ಯವಿಲ್ಲದ ಬೆಲೆಯು 126ಕ್ಕಿಂತ ಹೆಚ್ಚೇ?’ ಎಂಬ ಪ್ರಶ್ನೆಗೆ ಆರ್ ಭಾಷೆಯು ‘ಹೌದು’ ಎನ್ನುವುದಿಲ್ಲ, ‘ಇಲ್ಲ’ ಎಂದೂ ಅನ್ನುವುದಿಲ್ಲ, ‘ತಿಳಿಯದು’ ಎನ್ನುತ್ತದೆ. ಇದು ಅತ್ಯಂತ ಪ್ರಾಮಾಣಿಕವಾದ ಉತ್ತರ. ಒಬ್ಬರನ್ನೇ ವಿಚಾರಿಸುವ ‘ಇಫ್’ ಆಗಿದ್ದರೆ, ನಿಜವೋ ಸುಳ್ಳೋ ಬೇಕಾದ ಜಾಗದಲ್ಲಿ ಬೆಲೆಯೇ ಇಲ್ಲವೆಂದು ದೋಷ ತೋರಿಸಿ ಕೆಲಸವನ್ನೇ ನಿಲ್ಲಿಸುತ್ತಿತ್ತು. ಆದರೆ ‘ಇಫ್‌ಎಲ್ಸ್’ ನಿಲ್ಲುವುದಿಲ್ಲ. ಆ ‘ಎನ್‌ಎ’ಯನ್ನು ಹಾಗೆಯೇ ಫಲದ ಸಾಲಿನಲ್ಲಿ ಇಟ್ಟು ಮೌನವಾಗಿ ಮುಂದುವರಿಯುತ್ತದೆ. ಅದರ ನಂತರ ಬಂದ ‘ಸಬ್‌ಸೆಟ್’, ‘ತಿಳಿಯದು’ ಎಂಬುದನ್ನು ‘ಸುಳ್ಳು’ ಎಂದೇ ಎಣಿಸಿ ಹೊರಗೆ ಬಿಡುತ್ತದೆ. ಹೀಗೆ ಆ ತಾಯಿಯ ಸಂಖ್ಯೆ ಯಾವ ಪಟ್ಟಿಯಲ್ಲೂ ಸೇರಲಿಲ್ಲ. ಯಂತ್ರವು ಹೇಳಿದ್ದು ‘ತಿಳಿಯದು’ ಎಂದು. ಅದನ್ನು ‘ಚಿಂತೆಯಿಲ್ಲ’ ಎಂದು ಓದಿದವನು ನಾನು.

ನನ್ನ ಮೇಜಿನ ಮೇಲೆ ನಾನು ಹೀಗೆ ಎಂದಾದರೂ ಮಾಡಿದ್ದೇನೆಯೇ? ಖಾತೆದಾರರ ಮಾದರಿ ಸಹಿ ಕೈಗೆ ಸಿಗದಿದ್ದರೆ, ಸಹಿ ಹೊಂದಿತೆಂದು ಚೆಕ್ಕನ್ನು ಪಾಸು ಮಾಡುವುದಿಲ್ಲ. ಹೊಂದಲಿಲ್ಲವೆಂದು ಹಿಂದಿರುಗಿಸುವುದೂ ಇಲ್ಲ. ಪಕ್ಕಕ್ಕಿಟ್ಟು ಮೊದಲು ಸಹಿಯನ್ನು ಹುಡುಕಿಸುತ್ತೇನೆ. ಹಣದ ವಿಷಯದಲ್ಲಿ ತೋರುವ ಈ ಎಚ್ಚರವನ್ನು ಆರೋಗ್ಯದ ಪಟ್ಟಿಯಲ್ಲಿ ತೋರಲಿಲ್ಲ.

ಪರಿಹಾರ ಸುಲಭ. ಬೇರೆಲ್ಲ ಪ್ರಶ್ನೆಗಳಿಗೂ ಮೊದಲು ‘ಬೆಲೆ ಇದೆಯೇ?’ ಎಂದು ಕೇಳಬೇಕು.

ಫಲ <- ಇಫ್‌ಎಲ್ಸ್(ಈಸ್.ಎನ್‌ಎ(ಸಕ್ಕರೆ), "ಪರೀಕ್ಷೆ ಬಾಕಿ",
    ಇಫ್‌ಎಲ್ಸ್(ಸಕ್ಕರೆ >= 126, "ವೈದ್ಯರು",
    ಇಫ್‌ಎಲ್ಸ್(ಸಕ್ಕರೆ >= 100, "ಎಚ್ಚರ", "ಸಹಜ")))

ಇಲ್ಲಿ ‘ಸಕ್ಕರೆ == ಎನ್‌ಎ’ ಎಂದು ಬರೆಯಬಾರದು. ತಿಳಿಯದ ಬೆಲೆಗೆ ಯಾವುದು ಸಮವೆಂದು ಕೇಳಿದರೂ ಉತ್ತರ ‘ತಿಳಿಯದು’ ಎಂದೇ ಬರುತ್ತದೆ. ಅದಕ್ಕಾಗಿಯೇ ‘ಈಸ್.ಎನ್‌ಎ’ ಎಂಬ ಪ್ರತ್ಯೇಕ ಆದೇಶವಿದೆ.

6. ಅಂಕಿಯೋ, ಅಕ್ಷರವೋ?

ಖಾಲಿ ಮನೆಯನ್ನು ತುಂಬಲು ದಾಖಲೆ ಬರೆಯುವವರು ಕೆಲವೊಮ್ಮೆ “ಆಗಿಲ್ಲ” ಎಂದು ಬರೆಯುವುದುಂಟು. ಉದ್ದೇಶ ಒಳ್ಳೆಯದು, ಪರಿಣಾಮ ಬೇರೆ. ಒಂದೇ ಮನೆಯಲ್ಲಿ ಮಾತು ಸೇರಿದರೂ ಆ ಇಡೀ ಅಂಕಣವನ್ನು ಯಂತ್ರವು ಅಂಕಿಗಳೆಂದು ಓದದೆ ಅಕ್ಷರಗಳೆಂದು ಓದಬಹುದು. ಆಗ ಹೋಲಿಕೆಯು ನಿಘಂಟಿನ ಕ್ರಮದಲ್ಲಿ ನಡೆಯುತ್ತದೆ. “98” ಮತ್ತು “126” ಇವುಗಳಲ್ಲಿ ಮೊದಲ ಅಕ್ಷರಗಳನ್ನು ನೋಡಿದರೆ 9 ಎಂಬುದು 1ರ ನಂತರ ಬರುವುದರಿಂದ, 98 ಬಂದ ಆರೋಗ್ಯವಂತರು 126ನ್ನು ಮೀರಿದರೆಂದು ತೀರ್ಪಾಗುತ್ತದೆ! ‘ಆಸ್.ನ್ಯೂಮರಿಕ್’ ಎಂಬ ಆದೇಶದಿಂದ ಅಂಕಣವನ್ನು ಅಂಕಿಗಳಾಗಿ ಪರಿವರ್ತಿಸಿದರೆ, “ಆಗಿಲ್ಲ” ಎಂಬುದು ಎಚ್ಚರಿಕೆಯೊಡನೆ ‘ಎನ್‌ಎ’ ಆಗುತ್ತದೆ; ಉಳಿದವು ಅಂಕಿಗಳಾಗುತ್ತವೆ. ಷರತ್ತು ವಾಕ್ಯವನ್ನು ಅನಂತರವೇ ಬರೆಯಬೇಕು.

7. ತಾಳೆ ನೋಡುವುದು

ನಾವು ಬ್ಯಾಂಕಿನವರು ದಿನದ ಕೊನೆಯಲ್ಲಿ ಲೆಕ್ಕ ತಾಳೆಯಾಗದೆ ಮನೆಗೆ ಹೊರಡುವುದಿಲ್ಲ. ಈ ಒಂದು ಅಭ್ಯಾಸವನ್ನು ನಾನು ಶಿಬಿರದ ಪಟ್ಟಿಗೂ ಅನ್ವಯಿಸಿದ್ದರೆ ತಪ್ಪು ಅಂದೇ ಸಿಕ್ಕಿಬೀಳುತ್ತಿತ್ತು. ಮೇಲಿನ ಐದು ಜನರ ಉದಾಹರಣೆಯಲ್ಲಿ, ತಿದ್ದುವ ಮೊದಲಿನ ಫಲವನ್ನೇ ಎಣಿಸಿ ನೋಡೋಣ.

ಟೇಬಲ್(ಫಲ)

ಉತ್ತರ: ಎಚ್ಚರ 1, ವೈದ್ಯರು 2, ಸಹಜ 1. ಒಟ್ಟು 4. ಆದರೆ ಹೆಸರುಗಳು 5! ‘ಟೇಬಲ್’ ಎಂಬ ಆದೇಶವು ತಾನಾಗಿ ‘ಎನ್‌ಎ’ಗಳನ್ನು ಎಣಿಕೆಗೆ ತೆಗೆದುಕೊಳ್ಳುವುದಿಲ್ಲ. ಅವನ್ನೂ ಎಣಿಸಬೇಕಾದರೆ ಹೀಗೆ ಕೇಳಬೇಕು:

ಟೇಬಲ್(ಫಲ, ಯೂಸ್‌ಎನ್‌ಎ = "ಇಫ್‌ಎನಿ")

ಇಲ್ಲಿ ‘ಯೂಸ್’ ಸಣ್ಣಕ್ಷರಗಳಲ್ಲಿಯೂ ‘ಎನ್‌ಎ’ ದೊಡ್ಡಕ್ಷರಗಳಲ್ಲಿಯೂ ಇರಬೇಕು. ನಡುವೆ ಜಾಗ ಬಿಡಬಾರದು. ಹಾಗೆಯೇ ‘ಲೆಂಗ್ತ್(ಫಲ)’ ಎಂದು ಕೇಳಿದರೆ ಒಟ್ಟು ಎಷ್ಟು ಮಂದಿಯೆಂದು ತಿಳಿಯುತ್ತದೆ. ಎಲ್ಲ ಗುಂಪುಗಳ ಮೊತ್ತವೂ ನೋಂದಣಿಯ ಸಂಖ್ಯೆಯೂ ಒಂದೇ ಆಗುವವರೆಗೆ ಪಟ್ಟಿಯನ್ನು ಫಲಕಕ್ಕೆ ಅಂಟಿಸಬಾರದು.

ಈವರೆಗೆ ಹೇಳಿದ್ದನ್ನು ಸಂಗ್ರಹವಾಗಿ ಹೇಳುವುದಾದರೆ:

(ಅ) ಗಡಿಯ ಅಂಕಿಯನ್ನು ವೈದ್ಯರಿಂದ ಕೇಳಿ ಒಂದೇ ಕಡೆ ಬರೆದಿಡಿ.
(ಆ) ಅಂಕಣವು ಅಂಕಿಗಳಾಗಿದೆಯೇ ಎಂದು ನೋಡಿಕೊಳ್ಳಿ.
(ಇ) ‘ಬೆಲೆ ಇದೆಯೇ?’ ಎಂಬುದೇ ಮೊದಲ ಷರತ್ತಾಗಿರಲಿ.
(ಈ) ಉಳಿದ ಷರತ್ತುಗಳಲ್ಲಿ ತೀವ್ರವಾದುದು ಮೊದಲು.
(ಉ) ಒಬ್ಬರಿಗೆ ‘ಇಫ್’, ಸಾಲಿಗೆ ‘ಇಫ್‌ಎಲ್ಸ್’.
(ಊ) ಕೊನೆಯಲ್ಲಿ ತಾಳೆ.

ಇಷ್ಟೆಲ್ಲ ಮಾಡಿದರೂ ಯಂತ್ರವು ಕೊಡುವುದು ಪಟ್ಟಿಯನ್ನೇ ಹೊರತು ರೋಗನಿರ್ಣಯವನ್ನಲ್ಲ. ರೋಗಲಕ್ಷಣಗಳಿಲ್ಲದವರಲ್ಲಿ ಒಮ್ಮೆ 126 ದಾಟಿದ ಮಾತ್ರಕ್ಕೆ ಮಧುಮೇಹವೆಂದು ನಿಶ್ಚಯಿಸುವುದಿಲ್ಲ. ಮತ್ತೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳುತ್ತಾರೆ. ಆ ಕೆಲಸ ವೈದ್ಯರದು. ಸರಿಯಾದ ವ್ಯಕ್ತಿಯನ್ನು ಸಕಾಲದಲ್ಲಿ ಅವರ ಬಾಗಿಲಿಗೆ ಕಳುಹಿಸುವುದಷ್ಟೇ ನಮ್ಮ ಷರತ್ತು ವಾಕ್ಯದ ಕೆಲಸ.

ಆ ತಾಯಿಯವರ ಗಾಯ ಚಿಕಿತ್ಸೆಯಿಂದ ಮಾಯಿತು. ಈಗ ಔಷಧವನ್ನು ತಪ್ಪದೆ ತೆಗೆದುಕೊಳ್ಳುತ್ತಿದ್ದಾರೆ. ಈ ವರ್ಷದ ಶಿಬಿರದ ನಂತರ ಸಂಘದ ಫಲಕದಲ್ಲಿ “ಪರೀಕ್ಷೆ ಬಾಕಿ” ಎಂಬ ಮೂರನೆಯ ಪಟ್ಟಿಯೂ ಇತ್ತು. ಅದರಲ್ಲಿದ್ದ ಪ್ರತಿಯೊಬ್ಬರಿಗೂ ದೂರವಾಣಿ ಕರೆ ಮಾಡಿ, ಬರಿಹೊಟ್ಟೆಯಲ್ಲಿ ಬರುವಂತೆ ಮತ್ತೊಂದು ದಿನ ಗೊತ್ತುಪಡಿಸಿದೆವು. ಹಿಂದಿನ ವರ್ಷ ನಾನು ಬರೆದಿದ್ದ ಸಾಲಿನ ಜಾಗದಲ್ಲಿ ಈ ಸಲ ಬೇರೆ ಸಾಲು ಬರೆದೆ, ಸದಸ್ಯ ಬಂಧುಗಳಲ್ಲಿ ನನ್ನ ವಿನಂತಿಯೂ ಅದೇ: “ಯಾವ ಪಟ್ಟಿಯಲ್ಲೂ ತಮ್ಮ ಸಂಖ್ಯೆ ಕಾಣದಿದ್ದರೆ ದಯವಿಟ್ಟು ಬಂದು ವಿಚಾರಿಸಿ.”